ಬಸಪ್ಪನ ಹೆಸರಿಗೆ ನಿಂತುಹೋಗುವ ಪ್ರೋಗ್ರಾಂ

ಕಿರಾಣಿ ಅಂಗಡಿಯ ಉದ್ರಿ ಲೆಕ್ಕಕ್ಕೊಂದು ಪುಟ್ಟ ತಂತ್ರಾಂಶ. ಗ್ರಾಹಕರ ಹೆಸರು, ಬಾಕಿ, ಕೊಟ್ಟ ಹಣ, ಕೆಳಗೆ ಒಂದೆರಡು ಬಟನ್. ಬಿಸಿಎ ತರಗತಿಯಲ್ಲೋ ಪಾಲಿಟೆಕ್ನಿಕ್‌ನಲ್ಲೋ ಪೈಥಾನ್ ಕಲಿತವರು ಡೆಸ್ಕ್‌ಟಾಪ್‌ಗೆಂದು ಮೊದಲು ಬರೆಯುವ ಪ್ರೋಗ್ರಾಂ ಹೆಚ್ಚುಕಡಿಮೆ ಇಂಥದ್ದೇ ಇರುತ್ತದೆ. ಅದಕ್ಕೆ ಬೇಕಾದ ಟಿಕಿಂಟರ್ ಎಂಬ ಸಲಕರಣೆ ಪೈಥಾನ್ ಜೊತೆಗೇ ಬರುತ್ತದೆ, ಕಾಸು ಖರ್ಚಿಲ್ಲ. ಬರೆಯಲು ಅರ್ಧ ದಿನ ಸಾಕು. ಆಮೇಲೆ ಶುರುವಾಗುತ್ತದೆ ತಾಪತ್ರಯ: ಒಮ್ಮೆ ಹೆಸರುಗಳ ಬದಲು ಚಿತ್ರವಿಚಿತ್ರ ಗುರುತುಗಳು, ಇನ್ನೊಮ್ಮೆ ಕೆಂಪು ಅಕ್ಷರದ ಎರರ್, ಮತ್ತೊಮ್ಮೆ ಏನೂ ಇಲ್ಲದೆ ಕಲ್ಲಾಗಿ ಕೂರುವ ವಿಂಡೋ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಕೋಡನ್ನು ಅಲ್ಲಿ ಇಲ್ಲಿ ಬದಲಾಯಿಸಿ ಮತ್ತೆ ಮತ್ತೆ ಓಡಿಸಿ ನೋಡುವುದು. ಈಚೆಗೆ ಎರರನ್ನು ಓದದೆಯೇ ಚಾಟ್‌ಬಾಟ್‌ಗೆ ಅಂಟಿಸಿ, ಅದು ಕೊಟ್ಟದ್ದನ್ನು ತಂದು ಅಂಟಿಸುವ ರೂಢಿಯೂ ಸೇರಿಕೊಂಡಿದೆ. ಎರಡರಲ್ಲೂ ಪ್ರೋಗ್ರಾಂ ಸರಿಯಾಗಬಹುದು, ಯಾಕೆ ಕೆಟ್ಟಿತ್ತು ಎಂಬುದು ತಿಳಿಯುವುದಿಲ್ಲ. ಎರರ್ ಸಂದೇಶದಲ್ಲಿರುವ ಪ್ರತಿ ಅಂಕಿ, ಪ್ರತಿ ಚಿಹ್ನೆಗೂ ಅರ್ಥವಿದೆ. ಅದನ್ನು ಓದಿದವರಿಗೆ ದೋಷ ಎಲ್ಲಿದೆ ಎಂಬುದು ಮಾತ್ರವಲ್ಲ, ಕಂಪ್ಯೂಟರ್ ಒಳಗೆ ಹೇಗೆ ನಡೆದುಕೊಳ್ಳುತ್ತದೆ ಎಂಬುದೂ ಕಾಣತೊಡಗುತ್ತದೆ.

ನಮ್ಮ ಉದ್ರಿ ಲೆಕ್ಕವನ್ನೇ ನೋಡೋಣ. ಗ್ರಾಹಕರ ಹೆಸರುಗಳನ್ನು ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಕನ್ನಡದಲ್ಲೇ ಟೈಪ್ ಮಾಡಿ ಉಳಿಸಿದ್ದೀರಿ. ಪರೀಕ್ಷೆಗೆಂದು ಮೊದಲು ಎರಡೇ ಹೆಸರು: ಕಮಲ, ರಮೇಶ. ಪ್ರೋಗ್ರಾಂ ಓಡುತ್ತದೆ, ಆದರೆ ಹೆಸರಿನ ಜಾಗದಲ್ಲಿ ತಲೆಯ ಮೇಲೆ ಗೀಟಿರುವ ಇಂಗ್ಲಿಷಿನ ಸಣ್ಣ ‘ಎ’ ಅಕ್ಷರ ಸಾಲುಸಾಲಾಗಿ ಕಾಣುತ್ತದೆ, ನಡುನಡುವೆ ಚುಕ್ಕೆ, ಪುಟಾಣಿ ಎರಡು, ಇನ್ನೇನೋ. ಇರಲಿ, ಆಮೇಲೆ ನೋಡೋಣ ಎಂದು ಮೂರನೆಯ ಹೆಸರಾಗಿ ಬಸಪ್ಪ ಎಂದು ಸೇರಿಸುತ್ತೀರಿ. ಈಗ ಪ್ರೋಗ್ರಾಂ ಓಡುವುದೇ ಇಲ್ಲ. ಬಸಪ್ಪನನ್ನು ಅಳಿಸಿದರೆ ಮತ್ತೆ ಓಡುತ್ತದೆ! ಗುರು ಎಂದು ಬರೆದರೆ ನಿಲ್ಲುತ್ತದೆ, ಲಲಿತಾ ಎಂದರೆ ಓಡುತ್ತದೆ. ಹೊಸಬರು ಇಲ್ಲಿ ತಲೆಕೆಡಿಸಿಕೊಳ್ಳುವುದು ಸಹಜ.

ಫೈಲಿನಲ್ಲಿ ಬಸಪ್ಪ ಎಂಬ ಒಂದೇ ಹೆಸರನ್ನು ಬಿಟ್ಟು ಓಡಿಸಿದರೆ ಬರುವ ಎರರಿನ ಕೊನೆಯ ಸಾಲು ಹೇಳುವುದಿಷ್ಟು: ಸ್ಥಾನ 11ರಲ್ಲಿರುವ 0ಎಕ್ಸ್8ಡಿ ಎಂಬ ಬೈಟನ್ನು ಬಿಡಿಸಲಾಗಲಿಲ್ಲ, ಅದಕ್ಕೆ ಯಾವ ಅಕ್ಷರವನ್ನೂ ಗೊತ್ತುಮಾಡಿಲ್ಲ. 8ಡಿ ಎಂದರೆ ಹದಿನಾರರ ಲೆಕ್ಕದಲ್ಲಿ ಬರೆದ 141. ಈ ಎರಡು ಅಂಕಿಗಳನ್ನು ಬೆನ್ನತ್ತಿದರೆ ಇಡೀ ಕಥೆ ಬಿಚ್ಚಿಕೊಳ್ಳುತ್ತದೆ.

ಫೈಲಿನಲ್ಲಿ ಅಕ್ಷರಗಳಿರುವುದಿಲ್ಲ, 0ಯಿಂದ 255ರವರೆಗಿನ ಬೈಟ್‌ಗಳಿರುತ್ತವೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಕಂತೆ ಮೀಸಲಾಗಿದೆ. ಆ ಸ್ಥಾನಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಎಂಬ ಪದ್ಧತಿಯನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದರು. ಅದರಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಪ್ರತಿಯೊಂದು ಗುಣಿತ ಚಿಹ್ನೆಗೂ ಮೂರು ಮೂರು ಬೈಟ್. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179, ಮೂರನೆಯದು ಅಕ್ಷರಕ್ಕೆ ತಕ್ಕಂತೆ ಬದಲಾಗುತ್ತದೆ. ‘ಕ’ ಎಂದರೆ 224, 178, 149. ವಿಂಡೋಸ್ 10ರ 2019ರ ಒಂದು ಆವೃತ್ತಿಯಿಂದೀಚೆಗೆ ನೋಟ್‌ಪ್ಯಾಡ್ ತಾನಾಗಿಯೇ ಹೀಗೆ ಯುಟಿಎಫ್-8ರಲ್ಲಿ ಉಳಿಸುತ್ತದೆ.

ಓದುವ ಪೈಥಾನ್‌ಗೆ ಇದು ಗೊತ್ತಿಲ್ಲ. ಯಾವ ಪದ್ಧತಿಯಲ್ಲಿ ಓದಬೇಕೆಂದು ನೀವು ಹೇಳದಿದ್ದರೆ ಅದು ವಿಂಡೋಸ್‌ನ ಹಳೆಯ ರೂಢಿಯ ಪಟ್ಟಿಯನ್ನು ಹಿಡಿಯುತ್ತದೆ. ಇಂಗ್ಲಿಷಿಗೆ ಹೊಂದಿಸಿದ ಕಂಪ್ಯೂಟರ್‌ಗಳಲ್ಲಿ ಅದು ಸಾಮಾನ್ಯವಾಗಿ 1252 ಎಂಬ ಪಶ್ಚಿಮ ಯುರೋಪಿನ ಪಟ್ಟಿ. ಅದರಲ್ಲಿ ಒಂದು ಬೈಟ್‌ಗೆ ಒಂದು ಅಕ್ಷರ. 224 ಎಂದರೆ ಗೀಟಿರುವ ‘ಎ’, 178 ಎಂದರೆ ಮೇಲೆ ಬರೆಯುವ ಪುಟಾಣಿ ಎರಡು, 149 ಎಂದರೆ ದಪ್ಪ ಚುಕ್ಕೆ. ಕಮಲಳ ಹೆಸರು ಹಾಗೆ ಕಂಡದ್ದು ಇದರಿಂದ. ಇನ್ನು ಈ ಪಟ್ಟಿಯಲ್ಲಿ ಐದು ಮನೆಗಳು ಖಾಲಿ: 129, 141, 143, 144, 157. ಕನ್ನಡದ ಕೊಂಬು, ಅಂದರೆ ‘ು’ ಚಿಹ್ನೆಯ ಮೂರನೆಯ ಬೈಟ್ 129. ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಯದು 141. ಬ, ಸ, ಪ ಮೂರಕ್ಕೂ ಸೇರಿ ಒಂಬತ್ತು ಬೈಟ್, ಹಲಂತದ ಮೂರು ಸೇರಿದರೆ ಹನ್ನೆರಡು. ಸೊನ್ನೆಯಿಂದ ಎಣಿಸಿದರೆ ಹನ್ನೆರಡನೆಯ ಬೈಟಿನ ಸ್ಥಾನ 11. ಎರರ್ ಸಂದೇಶ ಬಸಪ್ಪನ ಪ-ಒತ್ತಿನ ಮೇಲೆ ನೇರವಾಗಿ ಬೆರಳಿಟ್ಟು ತೋರಿಸಿತ್ತು.

ಕೊಂಬೂ ಒತ್ತೂ ಇಲ್ಲದೆ ಕನ್ನಡದಲ್ಲಿ ಎಷ್ಟು ದೂರ ಹೋಗಲಾದೀತು? ಹಾಗಾಗಿ ಕನ್ನಡದ ಫೈಲ್ ಓದುವ ಹೊಸಬರಿಗೆಲ್ಲ ಇದು ಇಂದಲ್ಲ ನಾಳೆ ಎದುರಾಗುವ ಎರರ್. ಪರಿಹಾರ ಅರ್ಧ ಸಾಲಿನದು: ಫೈಲ್ ತೆರೆಯುವ ಆಜ್ಞೆಯಲ್ಲೇ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯುವುದು. ಓದುವಾಗಲೂ ಬರೆಯಬೇಕು, ಉಳಿಸುವಾಗಲೂ ಬರೆಯಬೇಕು. ಪೈಥಾನ್ 3.15ರಿಂದ ಇದನ್ನೇ ರೂಢಿಯಾಗಿಸಲು ಅದನ್ನು ಬೆಳೆಸುತ್ತಿರುವವರು ತೀರ್ಮಾನಿಸಿದ್ದಾರೆ. ಆದರೆ ಕಾಲೇಜು ಲ್ಯಾಬ್‌ಗಳಲ್ಲಿ ಹಳೆಯ ಆವೃತ್ತಿಗಳು ಬಹಳ ದಿನ ಉಳಿಯುತ್ತವೆ, ಆದ್ದರಿಂದ ಬರೆಯುವ ಅಭ್ಯಾಸವೇ ಕ್ಷೇಮ.

ಎಲ್ಲ ಎರರೂ ಇಷ್ಟು ಸ್ಪಷ್ಟವಾಗಿ ಮಾತಾಡುವುದಿಲ್ಲ. ಫೈಲ್ ಇರುವ ಜಾಗವನ್ನು ಬರೆಯುವಾಗ ಒಂದು ಮೋಸವಿದೆ. ಡಿ ಡ್ರೈವ್‌ನ ‘ನ್ಯೂ’ ಎಂಬ ಫೋಲ್ಡರಿನೊಳಗೆ ‘ಟೋಟಲ್’ ಎಂಬ ಫೈಲ್ ಇದೆ ಎನ್ನಿ. ಇಂಗ್ಲಿಷಿನಲ್ಲಿ ದಾರಿ ಬರೆಯುವಾಗ ಹಿಂಗೀಟಿನ (\) ಬೆನ್ನಿಗೇ ‘ಎನ್’ ಬರುತ್ತದೆ, ಇನ್ನೊಂದು ಹಿಂಗೀಟಿನ ಬೆನ್ನಿಗೆ ‘ಟಿ’. ಪೈಥಾನ್‌ನಲ್ಲಿ ಹಿಂಗೀಟಿಗೆ ಅಂಟಿದ ಎನ್ ಎಂದರೆ ಹೊಸ ಸಾಲು, ಟಿ ಎಂದರೆ ಟ್ಯಾಬ್. ಫೈಲಿನ ಹೆಸರಿನ ನಡುವೆ ಹೊಸ ಸಾಲು ಇರಲು ವಿಂಡೋಸ್ ಒಪ್ಪುವುದಿಲ್ಲ, ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಎಂದು ವಾಪಸು ಕಳಿಸುತ್ತದೆ. ಎರರಿನಲ್ಲಿ ನೀವು ಬರೆದ ದಾರಿಯೇ ಅಕ್ಷರಕ್ಷರ ಹಾಗೇ ಕಾಣುತ್ತದೆ. ಎಲ್ಲ ಸರಿಯಾಗೇ ಇದೆಯಲ್ಲ ಎನಿಸುತ್ತದೆ. ಸುಳಿವು ಇರುವುದೇ ಅಲ್ಲಿ. ದಾರಿ ಸರಿಯಿದ್ದು ಫೈಲ್ ಮಾತ್ರ ಇಲ್ಲದಿದ್ದರೆ ಪೈಥಾನ್ ಪ್ರತಿ ಹಿಂಗೀಟನ್ನೂ ಜೋಡಿಯಾಗಿ ತೋರಿಸುತ್ತದೆ. ಎರರಿನಲ್ಲಿ ಒಂಟಿ ಹಿಂಗೀಟು ಕಂಡರೆ ಅದನ್ನು ಹಿಂಗೀಟಾಗಿ ಓದಿಕೊಂಡೇ ಇಲ್ಲವೆಂದು ಅರ್ಥ. ಮುಂಗೀಟು (/) ಬಳಸಿದರೆ ಈ ರಗಳೆಯಿಲ್ಲ, ವಿಂಡೋಸ್‌ನಲ್ಲೂ ಅದು ನಡೆಯುತ್ತದೆ.

ಪೆಟ್ಟಿಗೆಯಲ್ಲಿ ಟೈಪ್ ಮಾಡಿದ ಮೊತ್ತದ ಕಥೆ ಬೇರೆ. ಟಿಕಿಂಟರ್‌ನ ಪಠ್ಯಪೆಟ್ಟಿಗೆಯಿಂದ ಬರುವುದೆಲ್ಲ ಅಕ್ಷರಗಳ ಸರ, ಸಂಖ್ಯೆಯಲ್ಲ. ಹಳೆ ಬಾಕಿ 250, ಹೊಸ ಉದ್ರಿ 40. ಕೂಡಿಸಿದರೆ 25040! ಎರರ್ ಬರುವುದಿಲ್ಲ, ಅಂಗಡಿಯವರು ಮಾತ್ರ ಬೆಚ್ಚಿಬೀಳುತ್ತಾರೆ. ಹಾಗೆಂದು ಸಂಖ್ಯೆಯಾಗಿ ಪರಿವರ್ತಿಸಲು ಹೋದರೆ, ಪೆಟ್ಟಿಗೆ ಖಾಲಿಯಿದ್ದಾಗ ಪ್ರೋಗ್ರಾಂ ಎಡವುತ್ತದೆ. ಆಗಿನ ಎರರಿನ ಕೊನೆಯಲ್ಲಿ ಎರಡು ಉದ್ಧರಣ ಚಿಹ್ನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅವುಗಳ ನಡುವೆ ಏನೂ ಇಲ್ಲ ಎಂಬುದೇ ಸುದ್ದಿ. ನಮ್ಮ ಪದ್ಧತಿಯಲ್ಲಿ 1,25,000 ಎಂದು ಅಲ್ಪವಿರಾಮ ಹಾಕಿದರೂ ಪೈಥಾನ್ ಒಪ್ಪದು. ಆದರೆ ೨೫೦ ಎಂದು ಕನ್ನಡ ಅಂಕಿಯಲ್ಲಿ ಬರೆದರೆ ಅದು ನಿರಾಯಾಸವಾಗಿ 250 ಎಂದು ತಿಳಿದುಕೊಳ್ಳುತ್ತದೆ. ಯೂನಿಕೋಡ್‌ನಲ್ಲಿ ದಶಮಾಂಶ ಅಂಕಿ ಎಂದು ಗುರುತಿಸಿದ ಎಲ್ಲ ಲಿಪಿಗಳ ಅಂಕಿಗಳನ್ನೂ ಪೈಥಾನ್ ಸ್ವೀಕರಿಸುತ್ತದೆ. ಸಿ-ಶಾರ್ಪ್ ಭಾಷೆಯ ರೂಢಿಯ ವಿಧಾನ ಸ್ವೀಕರಿಸುವುದಿಲ್ಲ. ಕನ್ನಡದಲ್ಲಿ ತಂತ್ರಾಂಶ ಮಾಡಹೊರಟವರಿಗೆ ಇದು ತಿಳಿದಿರಬೇಕಾದ ಸಂಗತಿ.

ಪೈಸೆಯ ಲೆಕ್ಕ ಇನ್ನೂ ಸೂಕ್ಷ್ಮ. ಹತ್ತು ಪೈಸೆಯನ್ನು 0.1 ಎಂದೂ ಇಪ್ಪತ್ತನ್ನು 0.2 ಎಂದೂ ಇಟ್ಟು ಕೂಡಿಸಿದರೆ ಉತ್ತರ 0.30000000000000004. ಹತ್ತರ ಲೆಕ್ಕದಲ್ಲಿ ಮೂರನೆಯ ಒಂದು ಭಾಗವನ್ನು ಬರೆಯಹೊರಟರೆ 0.333 ಎಂದು ಮುಗಿಯದೆ ಸಾಗುತ್ತದಲ್ಲ, ಎರಡರ ಲೆಕ್ಕದಲ್ಲಿ ಹತ್ತನೆಯ ಒಂದು ಭಾಗದ್ದೂ ಅದೇ ಪಾಡು. ಕಂಪ್ಯೂಟರ್ ಒಂದು ಹಂತದಲ್ಲಿ ಕತ್ತರಿಸಲೇಬೇಕು. ಹೀಗಾಗಿ ಕೊಟ್ಟ ಹಣವೂ ಬಾಕಿಯೂ ಸಮ ಇದ್ದರೆ ‘ಚುಕ್ತಾ’ ಎಂದು ತೋರಿಸು ಎಂದು ಬರೆದ ಕೋಡ್, ಪೂರ್ತಿ ಹಣ ಕೊಟ್ಟವರನ್ನೂ ಸಾಲಗಾರರ ಪಟ್ಟಿಯಲ್ಲೇ ಉಳಿಸಬಹುದು. ಹಣವನ್ನು ಪೈಸೆಯ ಪೂರ್ಣಾಂಕದಲ್ಲಿ ಇಟ್ಟುಕೊಳ್ಳುವುದು ಸುಲಭದ ದಾರಿ.

ಇನ್ನು ಡೆಸ್ಕ್‌ಟಾಪ್ ಪ್ರೋಗ್ರಾಂಗೇ ಮೀಸಲಾದ ತೊಂದರೆಗೆ ಬರೋಣ. ತರಗತಿಯಲ್ಲಿ ಕಲಿತ ಪ್ರೋಗ್ರಾಂಗಳು ಮೇಲಿನಿಂದ ಕೆಳಗೆ ಓಡಿ ಮುಗಿಯುತ್ತವೆ. ವಿಂಡೋ ಇರುವ ಪ್ರೋಗ್ರಾಂ ಹಾಗಲ್ಲ. ತೆರೆದುಕೊಂಡ ಮೇಲೆ ಅದರ ಮುಖ್ಯ ಕೆಲಸವೇ ಕಾಯುವುದು. ಒಂದೇ ಒಂದು ಕೌಂಟರ್ ಇರುವ ಅಂಚೆ ಕಚೇರಿಯಂತೆ ಅದು: ಮೌಸ್ ಒತ್ತಿದ್ದು, ಕೀಲಿ ತಟ್ಟಿದ್ದು, ವಿಂಡೋವನ್ನು ಮತ್ತೆ ಚಿತ್ರಿಸಬೇಕಾದ್ದು ಎಲ್ಲವೂ ಸರದಿಯಲ್ಲಿ ನಿಲ್ಲುತ್ತವೆ, ಒಂದು ಮುಗಿದ ಮೇಲೆ ಇನ್ನೊಂದು. ಮುಂದಿರುವ ಒಬ್ಬರ ಕೆಲಸಕ್ಕೆ ಐದು ನಿಮಿಷ ಹಿಡಿದರೆ ಹಿಂದಿನವರೆಲ್ಲ ಐದು ನಿಮಿಷ ನಿಲ್ಲಬೇಕು.

ಬಾಕಿ ಇರುವ ಮುನ್ನೂರು ಗ್ರಾಹಕರಿಗೂ ಇಂಟರ್ನೆಟ್ ಮೂಲಕ ಸಂದೇಶ ಕಳಿಸುವ ಬಟನ್ ಇಟ್ಟಿದ್ದೀರಿ. ಒಬ್ಬೊಬ್ಬರಿಗೆ ಒಂದು ಸೆಕೆಂಡ್ ಎಂದರೂ ಐದು ನಿಮಿಷ. ಅಷ್ಟು ಹೊತ್ತು ವಿಂಡೋ ಯಾವುದಕ್ಕೂ ಉತ್ತರಿಸದು. ಐದು ಸೆಕೆಂಡ್ ಪ್ರತಿಕ್ರಿಯೆ ಬಾರದಿದ್ದರೆ ವಿಂಡೋಸ್ ಆ ಪ್ರೋಗ್ರಾಂ ಹ್ಯಾಂಗ್ ಆಗಿದೆ ಎಂದು ಎಣಿಸಿ, ಅದೇ ಅಳತೆಯ ಮಂಕಾದ ನಕಲಿ ವಿಂಡೋ ಒಂದನ್ನು ಅದರ ಮೇಲೆ ಹೊದಿಸುತ್ತದೆ, ತಲೆಬರಹದಲ್ಲಿ ‘ನಾಟ್ ರೆಸ್ಪಾಂಡಿಂಗ್’ ಎಂದು ಸೇರಿಸುತ್ತದೆ. ಒಳಗೆ ಸಂದೇಶಗಳು ಒಂದೊಂದಾಗಿ ಹೋಗುತ್ತಲೇ ಇರುತ್ತವೆ! ಬಳಸುವವರು ಗಾಬರಿಯಾಗಿ ಮುಚ್ಚಿಬಿಟ್ಟರೆ ಅರ್ಧ ಜನಕ್ಕೆ ಸಂದೇಶ ಹೋಗಿ, ಉಳಿದವರಿಗೆ ಹೋಗಿರುವುದಿಲ್ಲ.

‘ಇಷ್ಟು ಮಂದಿಗೆ ಕಳಿಸಿದೆ’ ಎಂದು ಪರದೆಯ ಮೇಲೆ ತೋರಿಸುವ ಸಾಲು ಬರೆದಿದ್ದರೂ ಅದು ಕಾಣುವುದು ಎಲ್ಲ ಮುಗಿದ ಮೇಲೆ, ಒಂದೇ ಸಲ. ಪರದೆಯನ್ನು ಹೊಸದಾಗಿ ಚಿತ್ರಿಸುವ ಕೆಲಸವೂ ಅದೇ ಸರದಿಯಲ್ಲಿ ಹಿಂದೆ ನಿಂತಿರುತ್ತದೆ. ಪಕ್ಕದಲ್ಲಿ ತೆರೆದಿರುವ, ಕನ್ಸೋಲ್ ಎಂಬ ಕಪ್ಪು ಕಿಟಕಿಗೆ ಪ್ರಿಂಟ್ ಮಾಡಿದರೆ ಮಾತ್ರ ಒಂದೊಂದೇ ಕಾಣುತ್ತದೆ. ಈ ಎರಡರ ವ್ಯತ್ಯಾಸವನ್ನು ಒಮ್ಮೆ ಕಣ್ಣಾರೆ ನೋಡಿದವರಿಗೆ ಸರದಿಯ ವಿಚಾರವನ್ನು ಮತ್ತೆ ವಿವರಿಸಬೇಕಾಗಿಲ್ಲ. ಉಪಾಯವೆಂದರೆ ಹೊತ್ತು ಹಿಡಿಯುವ ಕೆಲಸವನ್ನು ಥ್ರೆಡ್ ಎಂಬ ಬೇರೊಂದು ಎಳೆಗೆ ವಹಿಸುವುದು. ಆ ಎಳೆಯಿಂದ ನೇರವಾಗಿ ವಿಂಡೋವನ್ನು ಮುಟ್ಟಬಾರದು. ಎಷ್ಟಾಯಿತೆಂಬುದನ್ನು ಅದು ಒಂದು ಕಡೆ ಬರೆದಿಡಲಿ, ಮುಖ್ಯ ಎಳೆ ಆಗಾಗ ನೋಡಿ ಪರದೆಯಲ್ಲಿ ತೋರಿಸಲಿ. ಟಿಕಿಂಟರ್‌ನಲ್ಲಿ ಹೀಗೆ ಆಗಾಗ ನೋಡಲು ‘ಆಫ್ಟರ್’ ಎಂಬ ಆಜ್ಞೆಯಿದೆ.

ಬಟನ್ ಒತ್ತಿದರೂ ಏನೂ ಆಗುವುದಿಲ್ಲ ಎಂಬುದು ಇನ್ನೊಂದು ದೂರು. ಇದಕ್ಕೆ ಎರಡು ಕಾರಣ ಮಾಮೂಲು. ಒಂದು, ಬಟನ್‌ಗೆ ಕೆಲಸ ಒಪ್ಪಿಸುವಾಗ ಆ ಕೆಲಸದ ಹೆಸರಿನ ಮುಂದೆ ಆವರಣ ಚಿಹ್ನೆ () ಹಾಕಿರುವುದು. ಆವರಣ ಹಾಕಿದರೆ ಈಗಲೇ ಮಾಡು ಎಂದು ಅರ್ಥ. ಪ್ರೋಗ್ರಾಂ ತೆರೆಯುವಾಗಲೇ ಕೆಲಸ ಒಮ್ಮೆ ನಡೆದುಹೋಗುತ್ತದೆ, ಬಟನ್ ಕೈಗೆ ಏನೂ ಉಳಿಯುವುದಿಲ್ಲ. ಎರಡನೆಯದು, ಬಟನ್ ಹಿಂದಿನ ಕೋಡ್ ಎಡವಿದರೂ ಟಿಕಿಂಟರ್ ವಿಂಡೋವನ್ನು ಮುಚ್ಚುವುದಿಲ್ಲ, ಎರರನ್ನು ಕಪ್ಪು ಕಿಟಕಿಯಲ್ಲಿ ಬರೆದು ಮುಂದುವರಿಯುತ್ತದೆ. ನೋಡಲು ಚೆಂದವಿರಲೆಂದು ಆ ಕಪ್ಪು ಕಿಟಕಿಯೇ ಬಾರದಂತೆ ಮಾಡಿದ್ದರೆ ಎರರ್ ಯಾರ ಕಣ್ಣಿಗೂ ಬೀಳದೆ ಕಳೆದುಹೋಗುತ್ತದೆ. ಕಲಿಯುವಷ್ಟು ದಿನ ಅದನ್ನು ಮುಚ್ಚಬೇಡಿ. ಎರರ್ ಬಂದಾಗ ಕೊನೆಯ ಸಾಲನ್ನು ಮೊದಲು ಓದಿ, ಆಮೇಲೆ ಕೆಳಗಿನಿಂದ ಮೇಲಕ್ಕೆ ಹೋಗುತ್ತ ನಿಮ್ಮದೇ ಫೈಲಿನ ಹೆಸರು ಎಲ್ಲಿದೆ ಎಂದು ನೋಡಿ. ಅಲ್ಲಿ ಸಾಲಿನ ಸಂಖ್ಯೆ ಇರುತ್ತದೆ.

ಸಂದೇಶವೇ ಇಲ್ಲದ ದೋಷಕ್ಕೆ ಅರ್ಧ ಅರ್ಧ ಮಾಡುವ ಕ್ರಮ ನನಗೆ ಎಲ್ಲಕ್ಕಿಂತ ಮೆಚ್ಚಿನದು. ಕೋಡಿನ ನಡುವೆ ಒಂದು ಕಡೆ ಮೌಲ್ಯವನ್ನು ಪ್ರಿಂಟ್ ಮಾಡಿಸಿ. ಅಲ್ಲಿಯವರೆಗೆ ಸರಿಯಿದ್ದರೆ ದೋಷ ಕೆಳಗಿನ ಅರ್ಧದಲ್ಲಿದೆ, ಇಲ್ಲದಿದ್ದರೆ ಮೇಲಿನ ಅರ್ಧದಲ್ಲಿ. ಸಾವಿರ ಸಾಲಿನ ಕೋಡಾದರೂ ಹತ್ತು ಸಲ ಹೀಗೆ ಮಾಡುವಷ್ಟರಲ್ಲಿ ಒಂದೇ ಸಾಲಿಗೆ ಬಂದು ನಿಲ್ಲುತ್ತೀರಿ.

ಕನ್ನಡ ಮಾಧ್ಯಮದಿಂದ ಬಂದ ಎಷ್ಟೋ ವಿದ್ಯಾರ್ಥಿಗಳು ಎರರ್ ಇಂಗ್ಲಿಷಿನಲ್ಲಿದೆ ಎಂಬ ಅಳುಕಿನಿಂದಲೇ ಅದನ್ನು ಓದದೆ ಬಿಡುತ್ತಾರೆ. ಇದು ಬೇಸರದ ಸಂಗತಿ, ಯಾಕೆಂದರೆ ಆ ಸಂದೇಶಗಳಲ್ಲಿ ಮತ್ತೆ ಮತ್ತೆ ಬರುವ ಪದಗಳು ತೀರಾ ಕಡಿಮೆ, ಒಂದೆರಡು ವಾರದ ರೂಢಿಯಲ್ಲಿ ಬಾಯಿಗೆ ಬರುವಂಥವು. ಲ್ಯಾಬ್ ನಡೆಸುವ ಅಧ್ಯಾಪಕರಲ್ಲಿ ಒಂದು ಕೋರಿಕೆ. ವಿದ್ಯಾರ್ಥಿಯ ಪ್ರೋಗ್ರಾಂ ಕೆಟ್ಟಾಗ ಕೀಬೋರ್ಡ್ ನಿಮ್ಮ ಕಡೆಗೆ ಎಳೆದುಕೊಳ್ಳಬೇಡಿ. ಎರರಿನ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿಸಿ, ಅದರ ಅರ್ಥವನ್ನು ಕನ್ನಡದಲ್ಲೇ ಹೇಳಿಸಿ. ಪ್ರಾಯೋಗಿಕ ಪರೀಕ್ಷೆಯಲ್ಲಿ ಹೊಸ ಪ್ರೋಗ್ರಾಂ ಬರೆಯಲು ಕೊಡುವ ಹಾಗೆಯೇ, ಕೆಟ್ಟಿರುವ ಪ್ರೋಗ್ರಾಂ ಒಂದನ್ನು ಕೊಟ್ಟು ಎಲ್ಲಿ, ಯಾಕೆ ಕೆಟ್ಟಿದೆ ಎಂದು ಬರೆಯಲು ಹೇಳಿ, ಅದಕ್ಕೂ ಅಂಕ ಇಡಿ.