ಎರಡು ರಂಧ್ರಗಳ ನಡುವಣ ಬಂಡೆ

ಶಿವನಸಮುದ್ರದ ಬ್ಲಫ್‌ನ ಗುಡ್ಡದ ನೆತ್ತಿಯಿಂದ ಭಾರಿ ಕೊಳವೆಗಳು ಕೆಳಗಣ ವಿದ್ಯುದಾಗಾರಕ್ಕೆ ಇಳಿಯುವುದನ್ನು ಕಂಡ ಓದುಗರೊಬ್ಬರು, ಅಂತಹ ಭಾರವನ್ನು ಹೊರುವ ಬಂಡೆಯ ಒಡಲು ಗಟ್ಟಿಯೋ ಬಿರುಕೋ ಎಂಬುದನ್ನು ಒಡೆಯದೆಯೇ ಅರಿಯುವ ಬಗೆ ಯಾವುದೆಂದು ಕೇಳಿದ್ದಾರೆ. ಶೇಷಾದ್ರಿ ಅಯ್ಯರ್ ಅವರ ಮೈಸೂರು ದಿವಾನಗಿರಿಯಲ್ಲಿ ಮೊದಲಾಗಿ 1902ರಲ್ಲಿ ಫಲಿಸಿದ ಆ ವಿದ್ಯುದಾಗಾರದ ಕಾರ್ಯದ ಕಾಲಕ್ಕೆ ಎಂಜಿನಿಯರರಿಗಿದ್ದುದು ಕಣ್ಣು, ಸುತ್ತಿಗೆ, ಅನುಭವ ಇಷ್ಟೇ. ಇಂದಾದರೋ ಮೂವತ್ತು ಮೀಟರು ಅಂತರದಲ್ಲಿ ಎರಡು ರಂಧ್ರಗಳನ್ನು ಕೊರೆದು, ಒಂದರೊಳಗೆ ಬೇರೆಬೇರೆ ಆಳಗಳಲ್ಲಿ ಸಣ್ಣ ಆಘಾತವನ್ನು ಹುಟ್ಟಿಸಿ, ನೀರು ತುಂಬಿದ ಇನ್ನೊಂದರಲ್ಲಿ ಇಳಿಬಿಟ್ಟ ಶ್ರವಣಯಂತ್ರಗಳ ಸರದಿಂದ ಅದರ ಆಗಮನಕಾಲವನ್ನು ಅಳೆಯುತ್ತಾರೆ. ದೃಢವಾದ ನೈಸ್ ಶಿಲೆಯಲ್ಲಿ ತರಂಗವು ಸೆಕೆಂಡಿಗೆ ಐದು ಕಿಲೋಮೀಟರಿಗೂ ಮಿಗಿಲಾಗಿ ಧಾವಿಸುವುದರಿಂದ ಆರು ಮಿಲಿಸೆಕೆಂಡು ತುಂಬುವ ಮೊದಲೇ ಆಚೆ ತಲಪುತ್ತದೆ. ದಾರಿಯುದ್ದಕ್ಕೂ ಶಿಥಿಲವಾಗಿ ವೇಗವು ಮೂರು ಕಿಲೋಮೀಟರಿಗೆ ಇಳಿದರೆ ಹತ್ತು ಮಿಲಿಸೆಕೆಂಡು ಹಿಡಿಯುತ್ತದೆ.

ಮಂಡ್ಯದ ಸೀಮೆಯವರಿಗೆ ಇದನ್ನು ಕಬ್ಬಿನ ಗದ್ದೆಯಿಂದ ತಿಳಿಸುವುದು ಸುಲಭ. ಆಳುದ್ದ ಬೆಳೆದ ಗದ್ದೆಯ ಒಂದು ಬದುವಿನ ಮೇಲೆ ಸಮಾನ ವೇಗದ ಓಟಗಾರರನ್ನೂ ಎದುರು ಬದುವಿನ ಮೇಲೆ ಗಡಿಯಾರ ಹಿಡಿದವರನ್ನೂ ಸಾಲಾಗಿ ನಿಲ್ಲಿಸಿ, ಪ್ರತಿಯೊಬ್ಬ ಓಟಗಾರನನ್ನೂ ಪ್ರತಿಯೊಂದು ಗಡಿಯಾರದ ಬಳಿಗೆ ಓಡಿಸಿದರೆ, ಒಬ್ಬನ ವಿಳಂಬವು ಅವನ ಹಾದಿಯಲ್ಲೆಲ್ಲೋ ಕೆಸರಿತ್ತೆಂದಷ್ಟೇ ಹೇಳೀತು. ಆದರೆ ತಡವಾದ ಹಾದಿಗಳೆಲ್ಲವೂ ಪರಸ್ಪರ ಛೇದಿಸುವ ಎಡೆಯೇ ಕೆಸರಿನ ಎಡೆ. ಜಾಣ ಓಟಗಾರನು ಕೆಸರನ್ನು ಬಳಸಿ ಹೋಗುವಂತೆ ತರಂಗವೂ ಗಟ್ಟಿ ಶಿಲೆಯನ್ನು ಹುಡುಕಿ ಬಾಗುತ್ತದೆ; ಆದಕಾರಣ ಚಿಕ್ಕ ಶಿಥಿಲ ಭಾಗವು ಲೆಕ್ಕಕ್ಕೆ ಸಿಕ್ಕದೆ ಉಳಿದೀತು.

ರೇಖೆಗಳ ಮೇಲಣ ಮೊತ್ತಗಳಿಂದ ಒಳಗಿನ ಸ್ವರೂಪವನ್ನು ಪಡೆಯುವ ಗಣಿತವನ್ನು ಗಣಿತಜ್ಞ ರಾಡಾನ್ 1917ರಲ್ಲಿಯೇ ರಚಿಸಿದ್ದನು. ಆಸ್ಪತ್ರೆಯ ಸಿಟಿ ಸ್ಕ್ಯಾನಿನ ತಳಹದಿಯೂ ಅದೇ. ಆದರೆ ರೋಗಿಯ ಸುತ್ತ ಯಂತ್ರವು ತಿರುಗುವಂತೆ ಬಂಡೆಯ ಸುತ್ತ ತಿರುಗಲಾಗದು. ಕಿರಣಗಳು ಬಹುಮಟ್ಟಿಗೆ ಅಡ್ಡಲಾಗಿಯೇ ಹಾಯುವುದರಿಂದ, ಪದರಗಳು ಸ್ಫುಟವಾಗಿ ಮೂಡಿದರೂ ನೆಟ್ಟಗೆ ನಿಂತ ಬಿರುಕಿನ ನೆಲೆ ಮಸುಕಾಗುತ್ತದೆ. ಈ ಲೆಕ್ಕದಿಂದ ಮೂಡುವ ವರ್ಣರಂಜಿತ ಚಿತ್ರವನ್ನು ಛಾಯಾಚಿತ್ರವೆಂದೇ ನಂಬಿಸುವ ಜಾಹೀರಾತುಗಳನ್ನು ನಾನು ಒಪ್ಪಲಾರೆ.

ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕಿಳಿದ ಆ ಗಣಿಗಳಲ್ಲಿ ಒತ್ತಡ ತಾಳಲಾರದ ಶಿಲೆ ಹಠಾತ್ತನೆ ಸಿಡಿದು ಜೀವಗಳನ್ನು ಬಲಿಗೊಂಡಿತು. ಬಂಡೆಯ ಒಳದನಿಯನ್ನು ಆಲಿಸುವ ವಿದ್ಯೆ ನಮ್ಮಲ್ಲಿ ಬೇರೂರಿದ್ದು ಆ ದುಃಖದ ನೆಲದಲ್ಲಿಯೇ. 1988ರಲ್ಲಿ ಅಲ್ಲಿಯೇ ಸ್ಥಾಪಿತವಾದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯು ಅಣೆಕಟ್ಟು, ಭೂಗತ ವಿದ್ಯುದಾಗಾರಗಳ ನೆಲೆಯನ್ನು ಪರೀಕ್ಷಿಸಲು ಈ ತರಂಗಗಳನ್ನು ಬಳಸುತ್ತ ಬಂದಿದೆ. ಚಿತ್ರದಲ್ಲಿ ಸಂಶಯದ ತಾಣವೊಂದು ಕಂಡಾಗ ಅದರ ನಡುವೆಯೇ ಮೂರನೆಯ ರಂಧ್ರವನ್ನು ಕೊರೆದು, ಮೇಲೆತ್ತಿದ ಶಿಲೆಯ ತುಂಡನ್ನು ಕೈಯಲ್ಲಿ ಹಿಡಿದು ನೋಡಿದ ಬಳಿಕವಷ್ಟೇ ಅಡಿಪಾಯಕ್ಕೆ ಕಾಂಕ್ರೀಟು ಬೀಳತಕ್ಕದ್ದು.