ನಿಮಗಿದು ಗೊತ್ತೇ? ದಿಲ್ಲಿಯ ಕಡತ, ನನ್ನಿವಾಳದ ಹೊಲ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಯ ನನ್ನಿವಾಳ ಮ್ಯಾಸಬೇಡರ ಕಟ್ಟೆಮನೆ ಇರುವ ಊರು. ಕುಲದ ತಂಟೆ ತಕರಾರು ಬಂದರೆ ಹಿರಿಯರು ಕೂತು ಅಲ್ಲೇ ಬಗೆಹರಿಸುವ ಪದ್ಧತಿ. ಆದರೆ ಕುಲದ ಹೆಸರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಬೇಕೆಂದರೆ ಕಟ್ಟೆ ಸಾಲದು, ವಿಧಾನಸೌಧವೂ ಸಾಲದು. ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳು ಕರ್ನಾಟಕದ ಪಟ್ಟಿಗೆ ಸೇರಿದ್ದು 1991ರಲ್ಲಿ, ಸಂಸತ್ತಿನ ಕಾಯ್ದೆಯಿಂದ. ತಳವಾರ, ಪರಿವಾರ ಸೇರಲು 2020 ಬರಬೇಕಾಯಿತು.

ಇಷ್ಟು ತಡವೇಕೆ? ಸಂವಿಧಾನದ 342ನೇ ವಿಧಿಯ ಪ್ರಕಾರ ಮೊದಲ ಪಟ್ಟಿ ರಾಷ್ಟ್ರಪತಿಗಳದ್ದು. ಆಮೇಲೆ ಅದಕ್ಕೆ ಒಂದು ಹೆಸರು ಸೇರಿಸುವುದು, ತೆಗೆಯುವುದು ಸಂಸತ್ತಿನಿಂದ ಮಾತ್ರ ಸಾಧ್ಯ. ರಾಜ್ಯ ಶಿಫಾರಸು ಮಾಡಬೇಕು, ರಿಜಿಸ್ಟ್ರಾರ್ ಜನರಲ್ ಒಪ್ಪಬೇಕು, ಪಂಗಡಗಳ ಆಯೋಗ ಒಪ್ಪಬೇಕು, ಸಂಪುಟ ಒಪ್ಪಬೇಕು, ಕೊನೆಗೆ ಮಸೂದೆ. ಪಟ್ಟಿಯಲ್ಲಿರುವ ಹೆಸರೂ ನಮ್ಮ ಹೆಸರೂ ಒಂದೇ ಎಂದು ವಾದಿಸಿ ಕೋರ್ಟಿಗೆ ಹೋದರೂ ಉಪಯೋಗವಿಲ್ಲ. ಪಟ್ಟಿಯ ಹೆಸರನ್ನು ಹಾಗೆ ಹಿಗ್ಗಿಸುವ ಅಧಿಕಾರ ಕೋರ್ಟುಗಳಿಗಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ 2000ದಲ್ಲಿ ಹೇಳಿಬಿಟ್ಟಿದೆ. ಇದೇ ಸೀಮೆಯ ಕಾಡುಗೊಲ್ಲರ ಬೇಡಿಕೆ ಸವೆಸುತ್ತಿರುವುದೂ ಇದೇ ದಾರಿ.

ಚಳ್ಳಕೆರೆ, ಮೊಳಕಾಲ್ಮುರು ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾದದ್ದು 2008ರ ಪುನರ್ವಿಂಗಡಣೆಯಲ್ಲಿ. ಪುನರ್ವಿಂಗಡಣಾ ಆಯೋಗದ ಆದೇಶವನ್ನು ಸದನದಲ್ಲಿ ಮಂಡಿಸುತ್ತಾರೆ ನಿಜ, ಆದರೆ ಸದನ ಅದರ ಒಂದಕ್ಷರವನ್ನೂ ತಿದ್ದುವಂತಿಲ್ಲ!

ಅಮೃತ ಮಹಲ್ ತಳಿಯ ದನಗಳನ್ನು ಮೈಸೂರಿನ ಅರಸರು ಸಾಕಿಸಿದ್ದು ಹಾಲಿಗಿಂತ ಹೆಚ್ಚಾಗಿ ದಂಡಿಗಾಗಿ. ಫಿರಂಗಿ, ಸಾಮಾನು ಎಳೆಯಲು ಆ ಎತ್ತುಗಳೇ ಬೇಕಿದ್ದವು. ಅವುಗಳ ಮೇವಿಗೆಂದು ಬಿಟ್ಟ ಕಾವಲುಗಳೇ ಚಳ್ಳಕೆರೆಯ ಕುದಾಪುರ, ಉಳ್ಳಾರ್ತಿ ಸುತ್ತಿನ ಬಯಲು. ಭೂಮಿ ರಾಜ್ಯಪಟ್ಟಿಯ ವಿಷಯ, ರಕ್ಷಣೆ ಕೇಂದ್ರದ್ದು. ಆದ್ದರಿಂದ ದಿಲ್ಲಿ ಕೇಳಿತು, ಬೆಂಗಳೂರು ಕೊಟ್ಟಿತು: ಡಿಆರ್‌ಡಿಒಗೆ ನಾಲ್ಕು ಸಾವಿರ ಎಕರೆಗೂ ಹೆಚ್ಚು, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಜೊತೆಗೆ ಇಸ್ರೊಗೂ ಬಾರ್ಕ್‌ಗೂ ಪಾಲು. ಕಾಂಪೌಂಡು ಎದ್ದ ಮೇಲೆ ಕುರಿ, ದನ ಮೇಯಿಸುತ್ತಿದ್ದವರ ಅಹವಾಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ದಂಡಿಗಾಗಿ ಬಿಟ್ಟ ಕಾವಲು ಮತ್ತೆ ದಂಡಿಗೇ ಹೋಯಿತು. ನಡುವಿನ ಕಾಲದಲ್ಲಿ ಅದನ್ನು ನಂಬಿ ಬದುಕಿದವರ ಲೆಕ್ಕ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಅದೇ ಬಯಲಿನ ರನ್‌ವೇ ಮೇಲೆ 2023ರ ಏಪ್ರಿಲ್ 2ರಂದು ಇಸ್ರೊದ ರೆಕ್ಕೆಯ ಉಡಾವಣಾ ವಾಹನದ ಮಾದರಿ ತಾನಾಗಿಯೇ ಇಳಿಯಿತು. ಚಿನೂಕ್ ಹೆಲಿಕಾಪ್ಟರ್ ಅದನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಕೈಬಿಟ್ಟಿತ್ತು.

ಉದ್ಯೋಗ ಖಾತ್ರಿ 2006ರ ಫೆಬ್ರುವರಿಯಲ್ಲಿ ಶುರುವಾದಾಗ ದೇಶದ 200 ಜಿಲ್ಲೆಗಳಿಗಷ್ಟೇ ಸಿಕ್ಕಿತು. ಕರ್ನಾಟಕದಿಂದ ಐದು ಜಿಲ್ಲೆ, ಅದರಲ್ಲಿ ಚಿತ್ರದುರ್ಗವೂ ಒಂದು. ಹಿಂದುಳಿದಿರುವಿಕೆಗೂ ಕೆಲವೊಮ್ಮೆ ಮೊದಲ ಸಾಲು ಸಿಗುತ್ತದೆ.

ಬರ ಬಂತೆಂದು ಘೋಷಿಸುವುದು ರಾಜ್ಯ, ದುಡ್ಡು ಕೇಳುವುದು ಕೇಂದ್ರವನ್ನು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದಾದವು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 2024ರ ಏಪ್ರಿಲ್‌ನಲ್ಲಿ ಬಂದದ್ದು ಸುಮಾರು 3,454 ಕೋಟಿ. ಆಗಿನ ಕೇಂದ್ರದ ನಿಯಮದಂತೆ ಮಳೆಯಾಶ್ರಿತ ಬೆಳೆ ಹಾಳಾದರೆ ಪರಿಹಾರ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ನಮ್ಮ ಲೆಕ್ಕದಲ್ಲಿ ಎಕರೆಗೆ 3,440 ರೂಪಾಯಿ. ಉತ್ತಿದ ಕೂಲಿ, ಬಿತ್ತನೆ ಬೀಜ, ಗೊಬ್ಬರ ಹಿಡಿದು ನೀವೇ ಕೂಡಿಸಿ ನೋಡಿ. ಇನ್ನು ಮ್ಯಾಸಬೇಡರ ದೇವರ ಎತ್ತುಗಳಿವೆಯಲ್ಲ, ಮಾರುವಂತಿಲ್ಲ, ಹೂಡುವಂತಿಲ್ಲ. ಅವುಗಳ ಹಿಂದೆ ಅವನ್ನು ಕಾಯುವ ಕಿಲಾರಿ ಅಲೆಯುವುದು ಮೇವು ಸಿಕ್ಕುವ ಕಡೆಗೆ.

ಈ ಬರದ ಸೀಮೆಗೆ ನೀರು ತರಬೇಕಾದ ಭದ್ರಾ ಮೇಲ್ದಂಡೆಗೆ 5,300 ಕೋಟಿ ರೂಪಾಯಿ ನೆರವು ಎಂದು ಕೇಂದ್ರದ ಬಜೆಟ್ ಭಾಷಣ ಸಾರಿದ್ದು 2023ರ ಫೆಬ್ರುವರಿ 1ರಂದು. ತುಂಗೆಯಿಂದ 17.4, ಭದ್ರೆಯಿಂದ 12.5, ಒಟ್ಟು 29.9 ಟಿಎಂಸಿ ನೀರಿನ ಯೋಜನೆ. ಮುಂದಿನ ವರ್ಷಗಳಲ್ಲೂ ಆ ದುಡ್ಡು ಬರಲಿಲ್ಲವೆಂದು ರಾಜ್ಯ ದೂರುತ್ತಲೇ ಬಂತು. ಭಾಷಣದಲ್ಲಿ ಹೇಳಿದ ದುಡ್ಡು ಖಜಾನೆಯಿಂದ ಹೊರಬೀಳಲು ಬೇರೆಯೇ ಮಂಜೂರಾತಿಗಳು, ಬೇರೆಯೇ ಸಹಿಗಳು ಬೇಕು.

ಮೊಳಕಾಲ್ಮುರು ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ಗುರುತು ಕೊಡುವ ಕಾಯ್ದೆ 1999ರದ್ದು, ಜಾರಿಯಾದದ್ದು 2003ರಲ್ಲಿ, ಹುಟ್ಟಿದ್ದು ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಿಂದ. ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತವನಿಗೆ ಜಿನೀವಾದ ನಂಟು!

ಕಾಯ್ದೆಗೆ ವರ್ಷಗಟ್ಟಲೆ ಹಿಡಿಯುತ್ತದಲ್ಲವೇ? ಸುಂಕಕ್ಕೆ ಒಂದು ರಾತ್ರಿ ಸಾಕು. ಹಣಕಾಸು ಸಚಿವಾಲಯ ಅಧಿಸೂಚನೆ ಹೊರಡಿಸಿದರಾಯಿತು, ಸಂಸತ್ತಿನ ಮುಂದೆ ಆಮೇಲೆ ಇಟ್ಟರೂ ನಡೆಯುತ್ತದೆ. ಎಣ್ಣೆ ಗಿರಣಿಗಳಿಂದ ಹೆಸರಾದ ಚಳ್ಳಕೆರೆಗೆ ಇದರ ಬಿಸಿ ಗೊತ್ತು. 1994ರಲ್ಲಿ ಪಾಮೋಲಿನ್ ಆಮದು ಖಾಸಗಿಯವರಿಗೆ ಮುಕ್ತವಾಯಿತು, ಶೇಂಗಾ ಎಣ್ಣೆಗೆ ಅಗ್ಗದ ಪೈಪೋಟಿ ಎದುರಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಸುಂಕ ಸೊನ್ನೆಯಿಂದ ಶೇ 20ಕ್ಕೆ ಏರಿತು. 2025ರ ಮೇ ತಿಂಗಳ ಕೊನೆಗೆ ಅದು ಶೇ 10ಕ್ಕೆ ಇಳಿಯಿತು. ಚಳ್ಳಕೆರೆ ಸೀಮೆಯಲ್ಲಿ ಅದು ಶೇಂಗಾ ಕಾಯಿ ಸುಲಿದು ಬಿತ್ತನೆ ಬೀಜ ಆರಿಸಿಕೊಂಡು, ಮುಗಿಲು ನೋಡುತ್ತ ಕೂರುವ ಹೊತ್ತು.