ಜಾಲಪುಟ ರಚನೆಯ ಪ್ರಾಥಮಿಕ ಕಲಿಕೆ

ಜಾಲಪುಟ ರಚನೆ ಅಥವಾ ವೆಬ್ ಡೆವಲಪ್‌ಮೆಂಟ್ ಎಂದರೆ ಬ್ರೌಸರಿನಲ್ಲಿ ತೆರೆದು ಓದಬಹುದಾದ ಮತ್ತು ಬಳಸಬಹುದಾದ ಪುಟಗಳನ್ನು ಸಿದ್ಧಪಡಿಸುವ ವಿದ್ಯೆ. ಆರಂಭದ ಹಂತದಲ್ಲಿ ಕಲಿಯಬೇಕಾದ ಭಾಷೆಗಳು ಮೂರು: ಪುಟದ ಒಡಲನ್ನು ಕಟ್ಟುವ ಎಚ್‌ಟಿಎಂಎಲ್, ಅದರ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್ ಮತ್ತು ಅದಕ್ಕೆ ಚಲನೆ ನೀಡುವ ಜಾವಾಸ್ಕ್ರಿಪ್ಟ್. ಇವನ್ನು ಇದೇ ಕ್ರಮದಲ್ಲಿ ಕಲಿಯುವುದು ರೂಢಿ. ಬೂಟ್‌ಸ್ಟ್ರ್ಯಾಪ್ (2011), ರಿಯಾಕ್ಟ್ (2013) ಮುಂತಾದ ಸಿದ್ಧ ಸಲಕರಣೆಗಳು ಬಂದ ಮೇಲೆ ಅನೇಕ ಕಲಿಕಾರ್ಥಿಗಳು ಮೊದಲ ಮೆಟ್ಟಿಲನ್ನು ಬಿಟ್ಟು ಮೇಲಿನದಕ್ಕೆ ಕಾಲಿಡುತ್ತಾರೆ. ಇದರಿಂದ ಆಗುವ ಹಾನಿ ಕಲಿಯುವವರಿಗಿಂತ ಅವರ ಪುಟವನ್ನು ಬಳಸುವವರಿಗೆ ಹೆಚ್ಚು.

ಹಿನ್ನೆಲೆ

ಬ್ರಿಟಿಷ್ ವಿಜ್ಞಾನಿ ಟಿಮ್ ಬರ್ನರ್ಸ್-ಲೀ ಜಿನೀವಾ ಸಮೀಪದ ಸರ್ನ್ ಭೌತವಿಜ್ಞಾನ ಸಂಸ್ಥೆಯಲ್ಲಿದ್ದಾಗ, 1989ರ ಮಾರ್ಚ್‌ನಲ್ಲಿ, ಕಡತಗಳನ್ನು ಪರಸ್ಪರ ಕೊಂಡಿಗಳಿಂದ ಜೋಡಿಸುವ ಯೋಜನೆಯೊಂದನ್ನು ಮುಂದಿಟ್ಟರು. ಅವರು 1991ರಲ್ಲಿ ವಿವರಿಸಿದ ಎಚ್‌ಟಿಎಂಎಲ್‌ನಲ್ಲಿ ಇದ್ದದ್ದು 18 ಬಗೆಯ ಗುರುತುಗಳು ಮಾತ್ರ. ಶೀರ್ಷಿಕೆ, ವಾಕ್ಯವೃಂದ, ಪಟ್ಟಿ, ಕೊಂಡಿ ಇವುಗಳ ಗುರುತುಗಳು ಇಂದಿಗೂ ಬಳಕೆಯಲ್ಲಿವೆ. ಬಣ್ಣವಾಗಲಿ ಚಿತ್ರವಾಗಲಿ ಇಲ್ಲದ ಆ ಕಾಲದ ಪುಟಗಳು ಇಂದಿನ ಮೊಬೈಲಿನಲ್ಲಿಯೂ ತೆರೆದುಕೊಳ್ಳುತ್ತವೆ. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಾಂಶವನ್ನು ಸಾರ್ವಜನಿಕ ಸ್ವತ್ತಾಗಿ ಘೋಷಿಸಿತು. ಹೀಗಾಗಿ ಈ ವಿದ್ಯೆಯನ್ನು ಕಲಿಯಲು ಯಾರ ಅಪ್ಪಣೆಯೂ ಬೇಕಿಲ್ಲ, ಶುಲ್ಕವೂ ಇಲ್ಲ.

ಪುಟವನ್ನು ಅಲಂಕರಿಸಲು ಬೇರೆಯೇ ಭಾಷೆ ಇರಬೇಕೆಂದು ನಾರ್ವೆಯ ಹೋಕನ್ ವಿಯಮ್ ಲೀ 1994ರಲ್ಲಿ ಸೂಚಿಸಿದರು. ಅದು ಸಿಎಸ್‌ಎಸ್ ಎಂಬ ಹೆಸರಿನಲ್ಲಿ 1996ರ ಡಿಸೆಂಬರ್‌ನಲ್ಲಿ ಅಧಿಕೃತ ಶಿಫಾರಸಾಯಿತು. ಜಾವಾಸ್ಕ್ರಿಪ್ಟ್ ಅನ್ನು ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತು ದಿನಗಳಲ್ಲಿ ರೂಪಿಸಿದರು. ಜಾವಾ ಎಂಬ ಭಾಷೆಯೊಡನೆ ಇದಕ್ಕಿರುವುದು ಬಹುಮಟ್ಟಿಗೆ ಹೆಸರಿನ ನಂಟು ಮಾತ್ರ. ಒಂದರ ಪುಸ್ತಕ ಕೊಂಡು ಇನ್ನೊಂದನ್ನು ಕಲಿಯಲು ಹೊರಡುವವರು ಈಗಲೂ ಇದ್ದಾರೆ.

ಗುರುತುಗಳ ಅರ್ಥ

ಎಚ್‌ಟಿಎಂಎಲ್ ಸುಲಭವೆಂಬ ಕಾರಣಕ್ಕೆ ಅದನ್ನು ಎರಡು ದಿನಗಳಲ್ಲಿ ಮುಗಿಸುವ ವಾಡಿಕೆ ಇದೆ. ಅದರ ಗುರುತುಗಳು ಪುಟ ಹೇಗೆ ಕಾಣಬೇಕೆಂಬುದನ್ನಲ್ಲ, ಪುಟದಲ್ಲಿರುವುದು ಏನು ಎಂಬುದನ್ನು ಹೇಳುತ್ತವೆ. ಈ ಭೇದ ಮನಸ್ಸಿಗೆ ಹತ್ತಲು ಎರಡು ದಿನ ಸಾಲದು.

ಒಂದು ಗುಂಡಿಯ ಉದಾಹರಣೆಯನ್ನು ನೋಡಬಹುದು. ಅರ್ಥವಿಲ್ಲದ ಸಾಮಾನ್ಯ ಪೆಟ್ಟಿಗೆಯೊಂದಕ್ಕೆ ಬಣ್ಣ ಬಳಿದು, ಒತ್ತಿದಾಗ ಕೆಲಸ ಮಾಡುವಂತೆ ಜಾವಾಸ್ಕ್ರಿಪ್ಟ್ ಬರೆದರೆ ಕಣ್ಣಿಗೆ ಅದು ಗುಂಡಿಯೇ. ಆದರೆ ಮೌಸ್ ಹಿಡಿಯಲಾರದೆ ಕೀಲಿಮಣೆಯಿಂದಲೇ ಕೆಲಸ ಮಾಡುವವರು ಟ್ಯಾಬ್ ಕೀಲಿ ಒತ್ತುತ್ತಾ ಹೋದರೆ ಅದು ಅವರಿಗೆ ಸಿಗುವುದೇ ಇಲ್ಲ. ಅಂಧರು ಬಳಸುವ ಪರದೆ ಓದುವ ತಂತ್ರಾಂಶ ಅದನ್ನು ಗುಂಡಿಯೆಂದು ಹೇಳುವುದೂ ಇಲ್ಲ. ಎಚ್‌ಟಿಎಂಎಲ್‌ನ ಬಟನ್ ಗುರುತನ್ನೇ ಬಳಸಿದ್ದರೆ ಇವೆರಡೂ ತಾವಾಗಿಯೇ ಒದಗುತ್ತಿದ್ದವು. ಶೀರ್ಷಿಕೆಗಳ ವಿಷಯವೂ ಹೀಗೆಯೇ. ಎನ್‌ವಿಡಿಎಯಂತಹ ಉಚಿತ ತಂತ್ರಾಂಶದಲ್ಲಿ ಎಚ್ ಅಕ್ಷರದ ಕೀಲಿ ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಸಾಗಬಹುದು. ಬರಿಯ ದಪ್ಪ ಅಕ್ಷರದಲ್ಲಿ ಬರೆದದ್ದು ಅದಕ್ಕೆ ಶೀರ್ಷಿಕೆಯಾಗದು. ಪರೀಕ್ಷೆಯ ಅರ್ಜಿ ನಮೂನೆಯಲ್ಲಿ ಪ್ರತಿ ಖಾಲಿ ಜಾಗಕ್ಕೂ ಲೇಬಲ್ ಗುರುತು ಜೋಡಿಸದಿದ್ದರೆ, ಜನ್ಮದಿನಾಂಕ ಬರೆಯಬೇಕಾದದ್ದು ಎಲ್ಲಿ, ತಂದೆಯ ಹೆಸರು ಎಲ್ಲಿ ಎಂಬುದು ಅಂಧ ಅಭ್ಯರ್ಥಿಗೆ ತಿಳಿಯುವ ಬಗೆ ಇಲ್ಲ. ಅರ್ಜಿಯೇ ಸಲ್ಲಿಕೆಯಾಗದೆ ಉಳಿಯಬಹುದು.

ಇಂತಹ ಅಡೆತಡೆಗಳ ನಿವಾರಣೆಗಾಗಿ ಡಬ್ಲ್ಯು3ಸಿ ಒಕ್ಕೂಟ 1999ರಲ್ಲಿ ಮೊದಲ ಮಾರ್ಗಸೂಚಿಯನ್ನು ಪ್ರಕಟಿಸಿತು. ಭಾರತದಲ್ಲಿ ಸರ್ಕಾರಿ ಜಾಲತಾಣಗಳಿಗಾಗಿ 2009ರಲ್ಲಿ ಮಾರ್ಗಸೂಚಿ ಬಂದಿತು. ಆರಂಭಿಕ ಪಾಠಗಳು ಇವನ್ನು ಕೊನೆಯ ಅಧ್ಯಾಯಕ್ಕೆ ತಳ್ಳುವುದೇ ಹೆಚ್ಚು, ಅಲ್ಲಿಯವರೆಗೆ ತಲುಪುವವರು ಕಡಿಮೆ.

ಕನ್ನಡ ಪುಟಗಳ ವಿಶೇಷ

ಕನ್ನಡದಲ್ಲಿ ಪುಟ ರಚಿಸುವವರಿಗೆ ಇನ್ನೂ ಕೆಲವು ಸಂಗತಿಗಳು ತಿಳಿದಿರಬೇಕು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಪ್ರತಿ ಫಾಂಟಿಗೂ ತನ್ನದೇ ಸಂಕೇತಕ್ರಮವಿತ್ತು. ಅಂತಹ ಫಾಂಟಿನಲ್ಲಿ ಬೆರಳಚ್ಚಾದ ಬರಹವನ್ನು ಪುಟಕ್ಕೆ ಹಾಗೆಯೇ ಅಂಟಿಸಿದರೆ, ಆ ಫಾಂಟ್ ಇಲ್ಲದ ಗಣಕದಲ್ಲಿ ರೋಮನ್ ಅಕ್ಷರಗಳ ಗೊಂದಲ ಕಾಣಿಸುತ್ತದೆ. ಹುಡುಕಿದರೆ ಸಿಗುವುದೂ ಇಲ್ಲ. ಬರಹವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಪುಟದ ತಲೆಭಾಗದಲ್ಲಿಯೇ ಯುಟಿಎಫ್-8 ಎಂದು ಘೋಷಿಸಬೇಕು. ಪುಟದ ಭಾಷೆ ಕನ್ನಡವೆಂದು ಸೂಚಿಸುವ ಎರಡಕ್ಷರದ ಸಂಕೇತವನ್ನು ನಮೂದಿಸದಿದ್ದರೆ ಪರದೆ ಓದುವ ತಂತ್ರಾಂಶ ಕನ್ನಡ ಧ್ವನಿಯನ್ನು ತಾನಾಗಿ ಆರಿಸಿಕೊಳ್ಳಲಾರದು.

ಒತ್ತಕ್ಷರಗಳು ಕೆಳಗಿಳಿಯುವುದರಿಂದ ಇಂಗ್ಲಿಷಿಗೆ ಸಾಕಾಗುವ ಸಾಲುಗಳ ಅಂತರ ಕನ್ನಡಕ್ಕೆ ಸಾಲದು. ಸಿಎಸ್‌ಎಸ್‌ನಲ್ಲಿ ಅದನ್ನು ಹೆಚ್ಚಿಸಬೇಕು. ಜಾವಾಸ್ಕ್ರಿಪ್ಟ್‌ನಲ್ಲಿ ಅಕ್ಷರ ಎಣಿಸುವಾಗಲೂ ಎಚ್ಚರ ಬೇಕು. ‘ಸ್ತ್ರೀ’ ಎಂಬುದು ಓದುಗರಿಗೆ ಒಂದೇ ಅಕ್ಷರ. ಗಣಕಕ್ಕೆ ಅದು ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರ ಎಂಬ 6 ಸಂಕೇತಗಳು. ಹೆಸರು ಬರೆಯುವ ಜಾಗಕ್ಕೆ 10 ಅಕ್ಷರಗಳ ಮಿತಿ ಹಾಕಿದವರು ಎಷ್ಟೋ ಕನ್ನಡ ಹೆಸರುಗಳನ್ನು ಅರಿಯದೆಯೇ ತುಂಡರಿಸಿರುತ್ತಾರೆ.

ಅಭ್ಯಾಸ

ಆರಂಭಕ್ಕೆ ಸರಳವಾದ ಪಠ್ಯ ಸಂಪಾದಕವೂ ಒಂದು ಬ್ರೌಸರೂ ಸಾಕು. ಅಂತರಜಾಲ ಸಂಪರ್ಕವೂ ಬೇಕಿಲ್ಲ. ಊರಿನ ಬಸ್ಸುಗಳ ವೇಳಾಪಟ್ಟಿ, ಗ್ರಂಥಾಲಯದ ಪುಸ್ತಕಗಳ ಪಟ್ಟಿ ಮುಂತಾದ ಚಿಕ್ಕ ಪುಟವೊಂದನ್ನು ಪೂರ್ತಿಯಾಗಿ ಕೈಯಿಂದ ಬೆರಳಚ್ಚಿಸಿ ಮುಗಿಸುವುದು ಹತ್ತು ವಿಡಿಯೋ ಪಾಠ ನೋಡುವುದಕ್ಕಿಂತ ಫಲಕಾರಿ. ಅಕ್ಷರ ತಿದ್ದುವ ಮಗುವಿನ ಬೆರಳಿಗೆ ಬರುವ ರೂಢಿ ಇಲ್ಲಿಯೂ ಬೇಕು. ಗುರುತುಗಳ ಹೆಸರು ಇಂಗ್ಲಿಷಿನಲ್ಲಿದ್ದರೂ ಆರಂಭದಲ್ಲಿ ಬೇಕಾಗುವ ಪದಗಳು ಕೆಲವೇ. ಜಾವಾಸ್ಕ್ರಿಪ್ಟ್‌ನಲ್ಲಿ ಚರಾಂಶಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು, ವೃತ್ತಿಯಲ್ಲಿ ಇಂಗ್ಲಿಷ್ ಹೆಸರುಗಳೇ ವಾಡಿಕೆಯಾದರೂ.

ಎಚ್‌ಟಿಎಂಎಲ್‌ನಲ್ಲಿ ತಪ್ಪು ಬರೆದರೆ ಬ್ರೌಸರ್ ಮೌನವಾಗಿ ಊಹಿಸಿ ಪುಟವನ್ನು ತೋರಿಸಿಬಿಡುತ್ತದೆ. ಆದ್ದರಿಂದ ಪುಟ ತೆರೆದುಕೊಂಡಿತೆಂದರೆ ಅದು ಸರಿಯಾಗಿದೆ ಎಂದಲ್ಲ. ಡಬ್ಲ್ಯು3ಸಿಯ ಉಚಿತ ಪರೀಕ್ಷಕದಲ್ಲಿ ಪುಟವನ್ನು ಒಡ್ಡಿದರೆ ಬಿಟ್ಟುಹೋದ ಗುರುತುಗಳು ಸಾಲುಸಂಖ್ಯೆಯೊಡನೆ ಕಾಣುತ್ತವೆ. ಜಾವಾಸ್ಕ್ರಿಪ್ಟ್ ಇಷ್ಟು ಉದಾರಿಯಲ್ಲ, ವ್ಯಾಕರಣದ ಒಂದು ತಪ್ಪಿಗೆ ಆ ಕಡತವೇ ನಡೆಯದು. ಹಲವು ಬ್ರೌಸರುಗಳಲ್ಲಿ ಎಫ್12 ಕೀಲಿ ಒತ್ತಿದರೆ ತೆರೆಯುವ ಫಲಕದಲ್ಲಿ ಕಾರಣ ಬರೆದಿರುತ್ತದೆ. ಕೆಂಪು ಅಕ್ಷರ ಕಂಡೊಡನೆ ಫಲಕ ಮುಚ್ಚುವುದು ಹೊಸಬರ ಸಾಮಾನ್ಯ ದೌರ್ಬಲ್ಯ.

ಸಿದ್ಧಪಡಿಸಿದ ಪುಟವನ್ನು ಕೀಲಿಮಣೆಯೊಂದರಿಂದಲೇ, ಬಳಿಕ ಅಗ್ಗದ ಮೊಬೈಲಿನಲ್ಲಿ, ಕೊನೆಗೆ ಕಣ್ಣು ಮುಚ್ಚಿ ಎನ್‌ವಿಡಿಎ ಧ್ವನಿಯಲ್ಲಿ ಪರಿಶೀಲಿಸಬಹುದು. ಸರ್ವರ್, ದತ್ತಸಂಚಯ ಹಾಗೂ ಸಿದ್ಧ ಚೌಕಟ್ಟುಗಳ ಕಲಿಕೆ ಇದರ ಮುಂದಿನ ಹಂತ.